ಕಿವಿಗೆ ಹಿಡಿದ ಕರ್ಜಿಕಾಯಿ

ನಮ್ಮ ಕಡೆ ಗಂಡಸಿಗೆ ದೇವರು ಎರಡು ಕಿವಿ ಕೊಟ್ಟಿರುವುದಕ್ಕೆ ಕಾರಣವಿದೆ. ಹೆಂಡತಿ ಹೇಳಿದ್ದನ್ನು ಬಿಡುವುದಕ್ಕೆ ಒಂದು, ಕಾಯಿ ಹೇಳಿದ್ದನ್ನು ಹಿಡಿಯುವುದಕ್ಕೆ ಇನ್ನೊಂದು. ಕೆಡವಿದ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ತಪಸ್ಸಿಗೆ ಕೂರುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನ ಸಂಗ ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಸದ್ದು ಬಂದರೆ ಕೊಬ್ಬರಿ ಆಯಿತು, ಬರದಿದ್ದರೆ ಮತ್ತೆ ಅಟ್ಟಕ್ಕೆ. ಮನುಷ್ಯರ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು. ಒಳಗೆ ಬಲಿಯದವರೇ ಹೆಚ್ಚು ಸದ್ದು ಮಾಡುತ್ತಾರೆ.

ಈ ಕಿವಿಗಾರಿಕೆಯಲ್ಲಿ ತಿಪಟೂರಿನಲ್ಲೇ ಹೆಸರಾದವರು ನಮ್ಮ ಬೀದಿಯ ಸದಾಶಿವಯ್ಯ. ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಕೂತಿದ್ದರಿಂದ, ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಗೆ ಹಿಡಿದು ಅಲ್ಲಾಡಿಸುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಬೆಂಕಿಪೊಟ್ಟಣ, ಔಷಧದ ಸೀಸೆ, ಟಿವಿ ರಿಮೋಟು, ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ನೆಂಟರ ಕೂಸಿನ ಗಿಲಕಿಯನ್ನು ಅಲ್ಲಾಡಿಸಿ, "ಆಗೈತೆ, ಒಡೀಬೌದು" ಎಂದು ಕೂಸನ್ನು ಅಳಿಸಿದ್ದರು.

ಇಂಥವರಿಗೆ ಕಳೆದ ಬೇಸಿಗೆಯಲ್ಲಿ ರಕ್ತಪರೀಕ್ಷೆ ಆಯಿತು. ಡಾಕ್ಟರು ಹೇಳಿದ್ದು ಇಷ್ಟೇ: "ಕೊಲೆಸ್ಟ್ರಾಲ್ ಗಡಿಗೆ ಬಂದಿದೆ. ಕರಿದದ್ದು ಕಮ್ಮಿ ಮಾಡಿ." ಈ ಎರಡು ವಾಕ್ಯವನ್ನು ಸದಾಶಿವಯ್ಯ ಮನೆ ಮುಟ್ಟುವಷ್ಟರಲ್ಲಿ ಎರಡು ಗಂಟೆಯ ಉಪನ್ಯಾಸ ಮಾಡಿಕೊಂಡಿದ್ದರು. ಅಜ್ಜನ ಕಾಲದಿಂದ ಕೊಬ್ಬರಿ ಮಾರಿ ಬದುಕಿದ ಮನೆಯವರು ಕೊಬ್ಬಿನ ಮೇಲೆ ಯುದ್ಧ ಸಾರಿದ್ದು ನಮ್ಮ ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು.

"ಎಣ್ಣೇಲಿ ಮುಳುಗಿ ಎದ್ದಿದ್ದು ಯಾವುದೂ ಇನ್ನು ನನ್ನ ಬಾಯಿಗಿಲ್ಲ" ಎಂದು ಬೀದಿಗೆಲ್ಲ ಸಾರಿದರು. ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರನ್ನು ತಡೆದು ನಿಲ್ಲಿಸಿ ನಡಿಗೆಯ ಮಹತ್ವ ಹೇಳಿದರು. ನಿಂತು ನಿಂತು ಕೇಳುವವರಿಗೆ ಕಾಲು ಊದಿಕೊಂಡಿತು.

"ಒಂದು ಕರ್ಜಿಕಾಯಿ ಅಂದ್ರೆ ಸುಮಾರು ನೂರೈವತ್ತು ಕ್ಯಾಲರಿ ಕಣಪ್ಪ. ಮೂರು ತಿಂದ್ಯೋ, ಈ ಏರಿ ಮೇಲೆ ಒಂದೂವರೆ ಗಂಟೆ ನಡೀಬೇಕು. ಬಾಯಿಗೆ ಮೂರು ನಿಮಿಷ, ಕಾಲಿಗೆ ತೊಂಬತ್ತು ನಿಮಿಷ. ಯಾವ ನ್ಯಾಯ ಇದು?"

ಸಂಜೆ ಕಲ್ಲೇಶನ ಬೋಂಡಾ ಗಾಡಿಯ ಹತ್ತಿರ ಎರಡನೆಯ ಅಧಿವೇಶನ.

"ಲೇ ಕಲ್ಲೇಶ, ಆ ಎಣ್ಣೆ ನೋಡ್ಲಾ! ನಿನ್ನೇದಾ, ಮೊನ್ನೇದಾ?"

"ನಿಮ್ಮ ಮಾತಿಗಿಂತ ಹೊಸದು ಬುಡಣ್ಣೋ. ನೀವು ಇದನ್ನೇ ಹದಿನೈದು ದಿನದಿಂದ ಹೇಳ್ತಾ ಇದೀರ."

ಹೀಗಿರುವಾಗ ಶ್ರಾವಣದಲ್ಲಿ ಮೂರನೇ ಮನೆಯ ಮಹಾಂತೇಶ್ ಅವರ ಮಗಳು ಭಾನುಪ್ರಿಯಾಳ ಸೀಮಂತ ಬಂತು. ಗಂಡಿನ ಮನೆಯವರು ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಿಂದ ಎರಡು ವ್ಯಾನಿನಲ್ಲಿ ಬಂದಿಳಿದರು. ಮುಂದಿನ ವ್ಯಾನಿನಿಂದ ಮೊದಲು ಇಳಿದದ್ದು ಭಾನುಪ್ರಿಯಾಳ ಅತ್ತೆ ಪುಟ್ಟಗಂಗಮ್ಮನವರ ದನಿ, ಆಮೇಲೆ ಪುಟ್ಟಗಂಗಮ್ಮನವರು.

ಊಟಕ್ಕೆ ಕರ್ಜಿಕಾಯಿ ಇತ್ತು. ಮಾಡಿದವರು ಬಿಳಿಗೆರೆಯ ವನಜಾಕ್ಷಿ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಆಕೆಯ ಮನೆಯನ್ನು ನಡೆಸಿರುವುದು ಕರ್ಜಿಕಾಯಿಯೇ. ಆಕೆಯ ಕರ್ಜಿಕಾಯಿಯ ಕಣಕ ವೀಳ್ಯದೆಲೆಯಷ್ಟು ತೆಳು, ಅಂಚು ಜಡೆ ಹೆಣೆದ ಹಾಗೆ. ಹಲ್ಲು ತಾಗಿದೊಡನೆ ಒಂದು ಸಣ್ಣ ಸದ್ದು. ಆಮೇಲೆ ಬೆಲ್ಲ ಮುಂದೆ, ಕೊಬ್ಬರಿ ಹಿಂದೆ, ನಡುವೆ ಹುರಿದ ಎಳ್ಳು, ಎಲ್ಲರೂ ಹೋದ ಮೇಲೆ ತಡವಾಗಿ ಬಂದ ನೆಂಟನಂತೆ ಏಲಕ್ಕಿ. ಒಂದು ತಿಂದವನು ಎರಡನೆಯದನ್ನು ಕೇಳದೆ ಎದ್ದದ್ದು ಯಾರೂ ಕಂಡಿಲ್ಲ.

ಪುಟ್ಟಗಂಗಮ್ಮನವರು ತಾವೇ ಮುಂದೆ ನಿಂತು ಸದಾಶಿವಯ್ಯನವರ ಎಲೆಗೆ ಎರಡು ಹಾಕಿಸಿದರು. ಸದಾಶಿವಯ್ಯನವರಿಗೆ ಇಕ್ಕಟ್ಟು. ಅಕ್ಕಪಕ್ಕ ಕೂತವರೆಲ್ಲ ಏರಿಯ ಮೇಲೆ ಅವರ ಉಪನ್ಯಾಸ ಕೇಳಿದವರೇ. ಬೀಗರ ಮುಂದೆ ಬೇಡ ಎನ್ನುವ ಹಾಗಿಲ್ಲ, ಬೀದಿಯವರ ಮುಂದೆ ತಿನ್ನುವ ಹಾಗಿಲ್ಲ. ಏನು ಮಾಡುವುದೆಂದು ತೋಚದೆ ಒಂದನ್ನು ಕೈಗೆ ತೆಗೆದುಕೊಂಡರು. ಕೈಗೆ ಬಂದದ್ದು ಅಭ್ಯಾಸಬಲದಿಂದ ಕಿವಿಗೆ ಹೋಯಿತು. ಅಲ್ಲಾಡಿಸಿದರು.

ಗಡಗಡ.

ಸದಾಶಿವಯ್ಯ ತೃಪ್ತಿಯಿಂದ ನಕ್ಕರು. ನಕ್ಕು, ಅದನ್ನು ಎಲೆಯ ತುದಿಯಲ್ಲಿಟ್ಟು ಕೈ ಹಿಂದಕ್ಕೆಳೆದುಕೊಂಡರು.

ಅವರ ಪಕ್ಕದ ಎಲೆ ನನ್ನದು. ಆ ನಗುವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಳ್ಳೆ ಕಾಯಿ ಸಿಕ್ಕಾಗ ಮಂಡಿಯಲ್ಲಿ ನಗುವ ನಗುವೇ ಅದು. ಆದರೆ ನಮ್ಮ ಸೀಮೆಯಲ್ಲಿ ನಗುವಿಗಿಂತ ಕೈಗೆ ಬೆಲೆ ಹೆಚ್ಚು. ಮಂಡಿಯವನು ಕಾಯಿ ಅಲ್ಲಾಡಿಸಿ, ಕೆಳಗಿಟ್ಟು, ಸುಮ್ಮನಾದರೆ ಮಾಲು ಬೇಡ ಎಂದೇ ಲೆಕ್ಕ.

"ಯಾಕ್ ಸ್ವಾಮಿ, ಕೆಳಗಿಟ್ಬುಟ್ರಿ?" ಪುಟ್ಟಗಂಗಮ್ಮನವರ ದನಿ ಮೊದಲನೇ ಪಂಕ್ತಿಯಿಂದ ಕೊನೆಯ ಪಂಕ್ತಿಗೆ ಹೋಗಿ ಬಂತು. "ಒಳಗೆ ಹೂರಣ ಕಮ್ಮಿ ಐತಾ?"

"ಏ, ಹಂಗೇನಿಲ್ಲ ಕಣ್ರಮ್ಮ..."

"ಹಂಗಾದ್ರೆ ತಿನ್ನಿ ಮತ್ತೆ."

ಸದಾಶಿವಯ್ಯ ಬೀದಿಯವರ ಮುಖ ನೋಡಿದರು. ಬೀದಿಯವರು ಸದಾಶಿವಯ್ಯನವರ ಬಾಯಿ ನೋಡಿದರು. ಆ ಬಾಯಿ ತಿನ್ನಲೂ ಇಲ್ಲ, ಮಾತಾಡಲೂ ಇಲ್ಲ.

ಪುಟ್ಟಗಂಗಮ್ಮನವರು ಬಡಿಸುವ ತಟ್ಟೆಯಿಂದ ಒಂದನ್ನೆತ್ತಿ ತಮ್ಮ ಕಿವಿಗೆ ಹಿಡಿದರು. ಗಡಗಡ. ಅವರ ತಮ್ಮ ಹಿಡಿದ. ಗಡಗಡ. ಎರಡು ನಿಮಿಷದಲ್ಲಿ ಪಂಕ್ತಿಯ ಅರವತ್ತು ಜನವೂ ಕರ್ಜಿಕಾಯಿಯನ್ನು ಕಿವಿಗೆ ಹಿಡಿದು ತಲೆ ವಾರೆ ಮಾಡಿ ಕೂತಿದ್ದರು. ಹೊರಗಿನಿಂದ ನೋಡಿದವರು ಎಲ್ಲರಿಗೂ ಒಟ್ಟಿಗೇ ಫೋನು ಬಂದಿದೆ ಎಂದುಕೊಳ್ಳಬೇಕು.

"ಮಹಾಂತೇಶಪ್ಪನೋರೇ, ಬಸುರಿ ಹೆಂಗಸಿನ ಹೊಟ್ಟೆ ತುಂಬಿಸೋಕೆ ಕರೆದು, ಟೊಳ್ಳು ಕರ್ಜಿಕಾಯಿ ಬಡಿಸ್ತಿದ್ದೀರಲ್ರೀ!"

ಮಹಾಂತೇಶ್ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಬೈಯಲಿಲ್ಲ. "ವನಜಾಕ್ಷಿ, ಬೀಗರ ಮುಂದೆ ನನ್ನ ಮಾನ ಹೋಯ್ತಲ್ಲಮ್ಮ" ಎಂದರು ಅಷ್ಟೇ. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಸುದ್ದಿ ಪುಟ್ಟಗಂಗಮ್ಮನವರ ವ್ಯಾನಿನಲ್ಲಿ ತುರುವೇಕೆರೆಗೂ, ಮಹಾಂತೇಶ್ ಅವರ ಷಡ್ಡಕನ ಸ್ಕೂಟರಿನಲ್ಲಿ ಚಿಕ್ಕನಾಯಕನಹಳ್ಳಿಗೂ ಹೊರಟಿತು. ದಾರಿಯಲ್ಲಿ ಅದು ಬೆಳೆಯಿತು. ಕೆಂಕೆರೆ ದಾಟುವಷ್ಟರಲ್ಲಿ ಸದಾಶಿವಯ್ಯ ಎಲೆ ಬಿಟ್ಟು ಎದ್ದು ಹೋಗಿದ್ದರು. ಹುಳಿಯಾರಿನಲ್ಲಿ ಅವರು ಕರ್ಜಿಕಾಯಿ ಒಡೆದು ತೋರಿಸಿದ್ದರು, ಒಳಗೆ ಒಂದೇ ಒಂದು ಎಳ್ಳು ಇತ್ತು.

ಗೌರಿ ಹಬ್ಬಕ್ಕೆ ಹದಿನೈದು ದಿನವಿತ್ತು. ವನಜಾಕ್ಷಿಯ ಫೋನು ಬಡಿದುಕೊಳ್ಳತೊಡಗಿತು.

"ವನಜಕ್ಕಾ, ಈ ಸಲ ಮನೇಲೇ ಮಾಡ್ಕೊಳಾಣ ಅಂತ. ತಪ್ಪು ತಿಳ್ಕೋಬೇಡಿ ಕಣ್ರೀ."

"ನಮ್ಮತ್ತೆಗೆ ಹಲ್ಲು ನೋವು. ಈ ವರ್ಷ ಕರ್ಜಿಕಾಯಿ ಬೇಡ್ವಂತೆ."

"ನಮ್ಮತ್ತೆಗೂ."

ಒಂದೇ ವಾರದಲ್ಲಿ ಮೂರು ತಾಲ್ಲೂಕಿನ ಅತ್ತೆಯರಿಗೆಲ್ಲ ಹಲ್ಲು ನೋವು ಬಂದದ್ದು ದಂತವೈದ್ಯರ ಗಮನಕ್ಕೆ ಬರಲಿಲ್ಲವೆಂದು ಕಾಣುತ್ತದೆ.

ಇತ್ತ ಮನೆಮನೆಯಲ್ಲಿ ಸದ್ದಿಲ್ಲದ ಕರ್ಜಿಕಾಯಿ ಮಾಡುವ ಹಟ ಹುಟ್ಟಿತು. ಸದಾಶಿವಯ್ಯನವರ ಹೆಂಡತಿ ಸರ್ವಮಂಗಳಮ್ಮನವರೇ ಮೊದಲು ಬಾಣಲೆ ಇಟ್ಟರು. ಗಂಡ ತಿನ್ನದಿದ್ದರೇನು, ಹಬ್ಬ ಬಿಡುತ್ತದೆಯೇ? ಸಂತೆಯಲ್ಲಿ ಚೀಲಕ್ಕೆ ಕಾಳು ಒತ್ತುವ ಹಾಗೆ ಹೂರಣ ಒತ್ತಿ ಎಣ್ಣೆಗೆ ಬಿಟ್ಟರು. ಮೊದಲನೆಯದು ಬಾಯಿ ಬಿಟ್ಟಿತು. ಎರಡನೆಯದು ಹೊಟ್ಟೆ ಬಿರಿಯಿತು. ಮೂರನೆಯದು ಸಿಡಿದು ಗೋಡೆಯ ಕ್ಯಾಲೆಂಡರಿನ ಮೇಲೆ ಕೂತಿತು. ಬೆಲ್ಲ ಎಣ್ಣೆಗೆ ಬಿದ್ದು ಸೀದು, ಹೊಗೆ ನಮ್ಮ ಮನೆಯವರೆಗೂ ಬಂತು.

"ನೋಡ್ರೀ, ನಿಮ್ಮ ಕಿವಿಯಿಂದ ನನ್ನ ಕಣ್ಣು ಉರೀತಿದೆ!" ಎಂದರು ಸರ್ವಮಂಗಳಮ್ಮ.

ಸದಾಶಿವಯ್ಯನವರಿಗೆ ಅದನ್ನು ಕೇಳಲು ಪುರಸೊತ್ತಿರಲಿಲ್ಲ. ಅವರು ಪ್ರಸಿದ್ಧರಾಗುತ್ತಿದ್ದರು. ಬೇಕರಿಯವನು ಅವರನ್ನು ಒಳಗೆ ಕರೆದು ಸಮೋಸ ಕೊಟ್ಟು, "ಅಲ್ಲಾಡ್ಸಿ ನೋಡಿ ಸಾರ್" ಎಂದ. ಅಲ್ಲಾಡಿಸಿದರು. ಆಲೂಗೆಡ್ಡೆ ಏನೂ ಮಾತಾಡಲಿಲ್ಲ. "ಗಟ್ಟಿಯಾಗಿದೆ" ಎಂದರು. ಬೇಕರಿಯವನು ಅದನ್ನು ಬೋರ್ಡಿನಲ್ಲಿ ಬರೆಸಿದ. ಕೊನೆಗೆ ಅಂಗನವಾಡಿ ಮೇಲ್ವಿಚಾರಕಿ ಸೌಂದರ್ಯ ಮೇಡಂ ಸ್ವತಃ ಮನೆಗೆ ಬಂದರು. ಪೌಷ್ಟಿಕ ಆಹಾರ ಸಪ್ತಾಹಕ್ಕೆ ಸಮುದಾಯ ಭವನದಲ್ಲಿ ಮಹಿಳಾ ಸಂಘಗಳ ತಿಂಡಿ ಸ್ಪರ್ಧೆ. ತೀರ್ಪುಗಾರರಾಗಿ ತಾವೇ ದಯಮಾಡಿಸಬೇಕು.

"ತಿನ್ನಬೇಕಾ?" ಎಂದು ಕೇಳಿದರು ಸದಾಶಿವಯ್ಯ.

"ಬೇಡ ಸಾರ್. ತಮ್ಮ ಪದ್ಧತಿಯೇ ಬೇರೆಯಂತಲ್ಲ."

ಸದಾಶಿವಯ್ಯ ಒಪ್ಪಿಕೊಂಡು, ಅಂದೇ ಕಿವಿ ತೊಳೆಸಿಕೊಂಡು ಬಂದರು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ವನಜಾಕ್ಷಿ ಅವರ ಮನೆಗೆ ಬಂದರು. ನಾನು ಆಗ ಪೇಪರು ಓದುವ ನೆಪದಲ್ಲಿ ಅವರ ಜಗಲಿಯಲ್ಲಿದ್ದೆ. ಆಕೆ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತರು.

"ಬಾರಮ್ಮ ವನಜಾಕ್ಷಿ, ಕೂತ್ಕೋ. ನೋಡು, ನಾನು ಅವತ್ತು ನಿನ್ನ ಬಗ್ಗೆ ಒಂದು ಮಾತೂ ಆಡ್ಲಿಲ್ಲ."

"ಗೊತ್ತು ಯಜಮಾನ್ರೇ. ಆಡ್ಲಿಲ್ವಲ್ಲ, ಅದಕ್ಕೇ ಬಂದೆ."

ಸದಾಶಿವಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು.

"ಕಣಕ ಎಣ್ಣೇಲಿ ಉಬ್ಬುತ್ತೆ ಯಜಮಾನ್ರೇ. ಉಬ್ಬೋಕೆ ಬೆರಳಷ್ಟು ಜಾಗ ಬಿಟ್ಟು ತುಂಬ್ಬೇಕು. ಬೆಲ್ಲ ಬಿಸಿಗೆ ಕರಗಿ ಹೂರಣ ಉಂಡೆ ಕಟ್ಟುತ್ತೆ, ಕಣಕ ಮೇಲಕ್ಕೇಳುತ್ತೆ. ಆಗ ಗಡಗಡ ಅನ್ನುತ್ತೆ. ಸದ್ದು ಬಂದ್ರೆ ಒಳಕ್ಕೆ ಎಣ್ಣೆ ಇಳಿದಿಲ್ಲ ಅಂತ ಅರ್ಥ. ಒತ್ತಿ ತುಂಬಿದ್ರೆ ಸೀಳುತ್ತೆ, ಎಣ್ಣೆ ಕುಡಿಯುತ್ತೆ, ನಾಕು ದಿನಕ್ಕೆ ಕಮಟು ವಾಸನೆ."

"ಅಯ್ಯೋ, ನಂಗೊತ್ತಿಲ್ವೇನಮ್ಮ? ಉಂಡೆ ಕೊಬ್ಬರಿ ಹಂಗೇ ಅಲ್ವಾ! ಚೆನ್ನಾಗಿದೆ ಅಂತ್ಲೇ ನಾನು ನಕ್ಕಿದ್ದು."

"ಅದನ್ನ ನಾಳೆ ಅಷ್ಟು ಜನದ ಮುಂದೆ ಹೇಳಿ. ಗೌರಿ ಹಬ್ಬಕ್ಕೆ ಬರಬೇಕಾಗಿದ್ದ ಆರ್ಡರೆಲ್ಲ ಹೋಯ್ತು. ಚಿಕ್ಕನಾಯಕನಹಳ್ಳಿಯವರು ಒಂದು ಮದುವೆಗೆ ಹೇಳಿದ್ರು, ನಾಳೆ ನೀವೇನಂತೀರೋ ನೋಡ್ಕಂಡು ಹೇಳ್ತೀವಿ ಅಂದವ್ರೆ. ನಂಗೆ ಜಮೀನಿಲ್ಲ, ತೋಟ ಇಲ್ಲ. ಇರೋದು ಕೈರುಚಿ ಅನ್ನೋ ಒಂದು ಹೆಸರು. ನಾಳೆ ಅದೂ ಹೋದ್ರೆ ಬಾಣಲೆ ಬೋರಲು ಹಾಕೋದೇಯಾ."

"ಹೇಳ್ತೀನಿ ಕಣಮ್ಮ. ಮೈಕಲ್ಲೇ ಹೇಳ್ತೀನಿ. ನೀನು ಧೈರ್ಯವಾಗಿ ಬಾ."

ಹೇಳುವುದೇನು ಕಷ್ಟ? ಹೇಳುವುದರಲ್ಲಿ ಸದಾಶಿವಯ್ಯನವರನ್ನು ಮೀರಿಸಿದವರಿಲ್ಲ.

ಮರುದಿನ ಸಮುದಾಯ ಭವನದಲ್ಲಿ ಜಾಗವಿರಲಿಲ್ಲ. ಸೌಂದರ್ಯ ಮೇಡಂ ಮೊದಲು ಮಾತಾಡಿದರು. ಅವರು ಮಾತಾಡುವುದು ಸುತ್ತೋಲೆಯ ಕನ್ನಡ. "ಎಳ್ಳಿನಲ್ಲಿ ಸುಣ್ಣದಂಶವಿರುತ್ತದೆ. ಹುರಿಗಡಲೆಯಲ್ಲಿ ಸಸಾರಜನಕವಿರುತ್ತದೆ. ಕೊಬ್ಬರಿಯಲ್ಲಿ ಶಕ್ತಿಯಿರುತ್ತದೆ. ಆದರೆ ಸದರಿ ಪದಾರ್ಥಗಳನ್ನು ಎಣ್ಣೆಯಲ್ಲಿ ಕರಿದಾಗ ಮಿತವಾಗಿ ಸೇವಿಸತಕ್ಕದ್ದು." ಮುಂದಿನ ಸಾಲಿನ ಒಬ್ಬ ಮುದುಕಿ, "ಮಿತ ಅಂದ್ರೆ ಎಷ್ಟವ್ವಾ?" ಎಂದು ಕೇಳಿತು. ಮೇಡಂ ಕಾಗದ ತಿರುವಿ ನೋಡಿದರು. ಅದರಲ್ಲಿ ಸಂಖ್ಯೆ ಇರಲಿಲ್ಲ. ಯೋಚಿಸಿದರೆ, ಮನುಷ್ಯಕುಲ ಇಷ್ಟು ಕಾಲದಿಂದ ಕೇಳುತ್ತಿರುವ ಪ್ರಶ್ನೆಯೂ ಅದೇ.

ಮೇಜುಗಳ ಮೇಲೆ ಇಪ್ಪತ್ತೆರಡು ತಟ್ಟೆ. ಹದಿನೇಳರಲ್ಲಿ ಕರ್ಜಿಕಾಯಿ, ಎಲ್ಲವೂ ಇಟ್ಟಿಗೆಯಂತೆ ಗಟ್ಟಿ. ಪುಟ್ಟಗಂಗಮ್ಮನವರು ಸೊಸೆಯನ್ನು ನೋಡಲು ಬಂದ ನೆಪದಲ್ಲಿ ದಂಡಿನಶಿವರದಿಂದ ತಮ್ಮದನ್ನೂ ತಂದಿಟ್ಟಿದ್ದರು. ಅದನ್ನು ತಲೆಗೆ ಎಸೆದರೆ ಕೇಸಾಗುತ್ತಿತ್ತು. ಮೂಲೆಯಲ್ಲಿ ಕಲ್ಲಮ್ಮ ಎಂಬಾಕೆಯ ಮೊಳಕೆ ಹೆಸರುಕಾಳು ಯಾರ ಸಹವಾಸವೂ ಇಲ್ಲದೆ ಕೂತಿತ್ತು. ಕೊನೆಯ ಮೇಜಿನಲ್ಲಿ ವನಜಾಕ್ಷಿಯ ಡಬ್ಬ.

ಸದಾಶಿವಯ್ಯ ಒಂದೊಂದನ್ನೇ ಕಿವಿಗೆ ಹಿಡಿದರು. ಮೌನ, ಮೌನ, ಮೌನ. ಪ್ರತಿ ಮೌನಕ್ಕೂ ಚಪ್ಪಾಳೆ. ವನಜಾಕ್ಷಿಯದು ಬಂದಾಗ ಗಡಗಡ ಎಂದಿತು. ಭವನದ ತುಂಬ ನಗು.

ಸದಾಶಿವಯ್ಯ ಮೈಕು ಹಿಡಿದರು. "ಮಾನ್ಯರೇ, ಸದ್ದು ಬಂದದ್ದೇ ಒಳ್ಳೇ ಕರ್ಜಿಕಾಯಿ."

ನಗು ನಿಂತಿತು. ಪುಟ್ಟಗಂಗಮ್ಮನವರು ಎದ್ದರು. "ಏನ್ ಸ್ವಾಮಿ, ರಾತ್ರೋರಾತ್ರಿ ಕಿವಿ ತಿರುಗ್ತಾ?"

"ಇಲ್ಲಮ್ಮ, ಪರೀಕ್ಷೆ ಮಾಡಿ ತೋರಿಸ್ತೀನಿ." ಪೇಪರು ತರಿಸಿದರು. ಒಂದು ಹಾಳೆಯ ಮೇಲೆ ಪುಟ್ಟಗಂಗಮ್ಮನವರದು, ಇನ್ನೊಂದರ ಮೇಲೆ ವನಜಾಕ್ಷಿಯದು. ಐದು ನಿಮಿಷ ಬಿಟ್ಟು ಎತ್ತಿದರು. ಪುಟ್ಟಗಂಗಮ್ಮನವರದರ ಕೆಳಗೆ ಎಣ್ಣೆ ಹರಡಿ, ಹಿಂದಿನ ಪುಟದ ಸುದ್ದಿ ಮುಂದಿನ ಪುಟದಲ್ಲೇ ಓದಬಹುದಾಗಿತ್ತು. ವನಜಾಕ್ಷಿಯದರ ಕೆಳಗೆ ರೂಪಾಯಿ ಅಗಲದ ಒಂದು ಕಲೆ.

ಸಭೆ ಗುಸುಗುಸು ಎಂದಿತು. ಆದರೆ ಪುಟ್ಟಗಂಗಮ್ಮನವರು ಕೂರಲಿಲ್ಲ.

"ಕಾಗದಕ್ಕೆ ನಾಲಿಗೆ ಐತಾ? ಒಂದೇ ಮಾತು ಹೇಳಿ. ಅಷ್ಟು ಒಳ್ಳೇದಾಗಿದ್ರೆ ಅವತ್ತು ಯಾಕೆ ತಿನ್ನಲಿಲ್ಲ?"

ಮುನ್ನೂರು ಜನ ಸದಾಶಿವಯ್ಯನವರ ಕಡೆ ತಿರುಗಿದರು. ಏರಿಯ ಮೇಲೆ ನಡೆಯುವವರು ಇದ್ದರು, ಬೋಂಡಾ ಗಾಡಿಯ ಕಲ್ಲೇಶ ಇದ್ದ, ಬೇಕರಿಯವನು ಇದ್ದ. ಮೂರು ತಿಂಗಳು ಕಷ್ಟಪಟ್ಟು ಕಟ್ಟಿಕೊಂಡ ಕೀರ್ತಿಯೆಲ್ಲ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿತ್ತು. ಕೊನೆಯ ಮೇಜಿನ ಹಿಂದೆ ವನಜಾಕ್ಷಿ ಡಬ್ಬದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ಸದಾಶಿವಯ್ಯನವರನ್ನು ನೋಡುತ್ತಿರಲಿಲ್ಲ. ಮೂರನೇ ಸಾಲಿನಲ್ಲಿದ್ದ ಚಿಕ್ಕನಾಯಕನಹಳ್ಳಿಯ ಮದುವೆ ಮನೆಯವರನ್ನು ನೋಡುತ್ತಿದ್ದರು. ಆ ಮನೆಯ ಯಜಮಾನಿ ಚೀಲ ಎತ್ತಿಕೊಂಡು ಏಳುವುದರಲ್ಲಿದ್ದರು.

ಸದಾಶಿವಯ್ಯ ಮೈಕು ಮೇಜಿನ ಮೇಲಿಟ್ಟರು. ಕೊನೆಯ ಮೇಜಿಗೆ ನಡೆದರು. ಡಬ್ಬದಿಂದ ಒಂದು ಕರ್ಜಿಕಾಯಿ ಎತ್ತಿಕೊಂಡರು. ಈ ಸಲ ಅದು ನೇರವಾಗಿ ಬಾಯಿಗೆ ಹೋಯಿತು.

ಆ ಕುರುಮ್ ಸದ್ದು ಮೈಕಿಲ್ಲದೆಯೂ ಹಿಂದಿನ ಸಾಲಿಗೆ ಕೇಳಿಸಿತು.

ಅವರು ಮೂರು ತಿಂಗಳಿಂದ ಉಪವಾಸ ಇದ್ದವರಂತೆ, ಕಣ್ಣು ಮುಚ್ಚಿ ಅಗಿದರು. ಎರಡನೆಯದನ್ನು ತೆಗೆದುಕೊಂಡರು. "ಅಣ್ಣೋ, ಮುನ್ನೂರು ಕ್ಯಾಲರಿ!" ಎಂದು ಕಲ್ಲೇಶ ಹಿಂದಿನಿಂದ ಕೂಗಿದ. ಅವರು ತಲೆಯಾಡಿಸಿ ಮೂರನೆಯದಕ್ಕೆ ಕೈ ಹಾಕಿದರು. ಅದನ್ನೂ ಮುಗಿಸಿ, ತುಟಿಯ ಮೇಲಿನ ಎಳ್ಳನ್ನು ನಾಲಿಗೆಯಿಂದ ಒಳಗೆ ಕರೆದುಕೊಂಡು, ಪುಟ್ಟಗಂಗಮ್ಮನವರ ಕಡೆ ತಿರುಗಿದರು.

"ಅವತ್ತು ತಿನ್ನದೆ ಬಿಟ್ಟಿದ್ದು ಅದರಲ್ಲಿ ಹೂರಣ ಕಮ್ಮಿ ಅಂತಲ್ಲ ಕಣ್ರಮ್ಮ. ನನ್ನಲ್ಲಿ ಜಂಬ ಜಾಸ್ತಿ ಅಂತ. ಕರಿದದ್ದು ಮುಟ್ಟಲ್ಲ ಅಂತ ಊರಿಗೆಲ್ಲ ಸಾರಿದ್ದೆ. ಡಾಕ್ಟರು ಕಮ್ಮಿ ಮಾಡು ಅಂದಿದ್ರು, ಬಿಡು ಅಂದಿರ್ಲಿಲ್ಲ. ಬಿಟ್ಟೆ ಅಂದ್ರೆ ದೊಡ್ಡವನಾಗ್ತೀನಿ ಅಂದ್ಕಂಡೆ. ನಾನು ದೊಡ್ಡವನಾಗೋಕೆ ಹೋಗಿ ಈ ಹೆಣ್ಣುಮಗಳ ಅನ್ನ ಕಳೆದೆ."

ಪುಟ್ಟಗಂಗಮ್ಮನವರು ಸೆರಗು ಸರಿಮಾಡಿಕೊಂಡು ಕೊನೆಯ ಮೇಜಿಗೆ ಬಂದು, ಒಂದನ್ನೆತ್ತಿ ಮುರಿದು ಬಾಯಿಗಿಟ್ಟರು. ಅಗಿದರು. ಅವರ ಜೀವಮಾನದಲ್ಲೇ ಅಷ್ಟು ಉದ್ದದ ಮೌನ ಅದೇ ಮೊದಲಿರಬೇಕು.

"ನಾಮಕರಣಕ್ಕೆ ನೀನೇ ಮಾಡ್ಬೇಕು ಕಣಮ್ಮ" ಎಂದರು. "ಮತ್ತೆ... ಕಣಕಕ್ಕೆ ಬಿಸಿ ತುಪ್ಪ ಎಷ್ಟು ಹಾಕ್ತೀಯಾ?"

"ಅದನ್ನ ಮಾತ್ರ ಕೇಳ್ಬೇಡಿ ಅಮ್ಮಾವ್ರೇ" ಎಂದರು ವನಜಾಕ್ಷಿ. ಚಿಕ್ಕನಾಯಕನಹಳ್ಳಿಯ ಯಜಮಾನಿ ಚೀಲವನ್ನು ಮತ್ತೆ ಕೆಳಗಿಟ್ಟು, ಪುಟ್ಟಗಂಗಮ್ಮನವರ ಹಿಂದೆ ಬಂದು ನಿಂತರು. ಅವರ ಹಿಂದೆ ಮಹಾಂತೇಶ್ ತಲೆ ತಗ್ಗಿಸಿಕೊಂಡು ನಿಂತರು. ಹಲ್ಲು ನೋವಿನ ಅತ್ತೆಯರಲ್ಲಿ ನಾಲ್ವರು ಗುಣವಾಗಿ ಬಂದು ಸಾಲು ಸೇರಿದರು.

ಪೌಷ್ಟಿಕತೆಯ ನಿಯಮದಂತೆ ಮೊದಲ ಬಹುಮಾನವನ್ನು ಮೊಳಕೆ ಹೆಸರುಕಾಳಿಗೇ ಕೊಡಬೇಕಾಗಿತ್ತು, ಕೊಟ್ಟರು. ಅದು ನ್ಯಾಯವೇ. ಬಹುಮಾನ ತೆಗೆದುಕೊಳ್ಳಲು ಕಲ್ಲಮ್ಮನನ್ನು ಮೂರು ಸಲ ಮೈಕಿನಲ್ಲಿ ಕರೆಯಬೇಕಾಯಿತು. ಆಕೆ ವನಜಾಕ್ಷಿಯ ಸಾಲಿನಲ್ಲಿ ಎಂಟನೆಯವಳಾಗಿ ನಿಂತಿದ್ದಳು, ಜಾಗ ಬಿಟ್ಟರೆ ಹೋಗುತ್ತದೆಂದು ಅಲ್ಲಿಂದಲೇ "ಅಲ್ಲೇ ಇಟ್ಟಿರಿ ಮೇಡಂ, ಬತ್ತೀನಿ" ಎಂದಳು.

ಈ ಗದ್ದಲದಲ್ಲಿ ಸದಾಶಿವಯ್ಯನವರನ್ನು ಎಲ್ಲರೂ ಮರೆತರು. ಅವರು ಡಬ್ಬದ ಪಕ್ಕದಲ್ಲೇ ಇದ್ದರು. ಅತ್ತ ಇತ್ತ ನೋಡಿ, ಯಾರೂ ತಮ್ಮ ಕಡೆ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೈ ನೀಡಿದರು.

ವನಜಾಕ್ಷಿ ಪುಟ್ಟಗಂಗಮ್ಮನವರ ಜೊತೆ ಮಾತು ನಿಲ್ಲಿಸದೆಯೇ ಡಬ್ಬದ ಮುಚ್ಚಳ ಹಾಕಿದರು.

"ಸಾಕು ಯಜಮಾನ್ರೇ. ಮೂರು ಸಾಕ್ಷಿ ಹೇಳೋಕೆ. ನಾಕನೇದು ಆಸೆಗೆ."